ಮುಂದಿನ ಸ್ಟೇಷನ್ನಲ್ಲೇ ನಿಂತಿದ್ದೆ ರೀ

ರೀ,

ಹೀಗೆ ಕರೆದು ಎಷ್ಟು ಕಾಲ ಆಯ್ತು! ಅಲ್ಲ, ಸುಳ್ಳು. ಹೋದ ತಿಂಗಳು ಜಪಾನಿನ ಒಂದು ಪ್ಲಾಟ್‌ಫಾರ್ಮಲ್ಲಿ ನಿಂತು ಊರಿಗೆಲ್ಲ ಕೇಳೋ ಹಾಗೆ ಕೂಗಿಬಿಟ್ಟೆ. ಎದುರಿಗಿದ್ದದ್ದು ಮಾತ್ರ ನೀವಲ್ಲ, ಗಿರೀಶ. ಅವತ್ತಿಂದ ತಲೆ ಕೆಟ್ಟು ಕೂತಿದೀನಿ. ಇದನ್ನ ನಿಮಗಲ್ದೆ ಇನ್ಯಾರಿಗೆ ಹೇಳ್ಲಿ? ಅಮ್ಮನಿಗೆ ಹೇಳಿದ್ರೆ ಫೋನಲ್ಲೇ ಅಳೋಕೆ ಶುರು ಮಾಡ್ತಾಳೆ.

ಗಿರೀಶ ಯಾರು ಅಂತ ನಿಮಗೆ ಗೊತ್ತಿಲ್ಲ ಅಲ್ವಾ. ಸಂಕ್ರಾಂತಿಗೆ ಆಮ್‌ಸ್ಟರ್‌ಡ್ಯಾಮಿನ ಕನ್ನಡದವರೆಲ್ಲ ಸೇರಿದಾಗ, ಎಳ್ಳುಬೆಲ್ಲದ ಡಬ್ಬಿ ಹಿಡ್ಕೊಂಡು ಯಾರಿಗೆ ಮೊದಲು ಕೊಡೋದು ಅಂತ ಗೊತ್ತಾಗ್ದೆ ನಿಂತಿದ್ದ. ಹುಬ್ಬಳ್ಳಿಯವನು, ನೂರ್ಡ್‌ವೈಕಲ್ಲಿ ಕೆಲಸ. ಈ ವರ್ಷ ಇಲ್ಲಿನ ಪುರಸಭೆ ಆಫೀಸಲ್ಲಿ ಸಹಿ ಹಾಕಿ ಮದುವೆ ಆದ್ವಿ. ಬೈಬೇಡಿ, ಮೊದಲು ಹೂಂ ಅಂದಿದ್ದು ನಿಮ್ಮಮ್ಮನೇ. ಆದ್ರೆ ನಾನು ಬಾಡ್‌ಹೂವೆಡಾರ್ಪಿನ ನಮ್ಮ ಮನೆ ಬಿಟ್ಟು ಕದಲಿಲ್ಲ. ಅವನೇ ಬಂದು, ಹಾಸ್ಟೆಲ್ ಹುಡುಗನ ಹಾಗೆ, ಬೀರುವಿನ ಒಂದು ಮೂಲೇಲಿ ಬಟ್ಟೆ ಜೋಡಿಸ್ಕೊಂಡ. ನಿಮ್ಮ ಸೈಕಲ್ ಜಾಕೆಟ್ ಇನ್ನೂ ಬಾಗಿಲ ಹಿಂದೆ ನೇತಾಡ್ತಿದೆ. ಅವನದ್ದು ಕುರ್ಚಿ ಮೇಲೆ. ನೂರ್ಡ್‌ವೈಕಲ್ಲಿ ಒಂದು ಮನೆ ನೋಡಿ ಬಂದು, "ಬರ್ತಿಯೋ ಇಲ್ಲೋ, ಒಂದ್ ಮಾತ್ ಹೇಳಿಬಿಡು" ಅಂದ. ಇಬ್ರೂ ಜಪಾನ್ ಸುತ್ತಿ ಬಂದ್ಮೇಲೆ ಹೇಳ್ತೀನಿ ಅಂತ ಜಾರಿಕೊಂಡೆ.

ನಾವಿಬ್ರೂ ಈ ದೇಶಕ್ಕೆ ಬಂದ ಹೊಸದು ನೆನಪಿದ್ಯಾ? ಆಮ್‌ಸ್ಟರ್‌ಡ್ಯಾಮಿನಲ್ಲಿ ನಾನು ಟ್ರೈನ್ ಹತ್ತಿದೆ, ನೀವು ಸೊಪ್ಪಿನ ಚೀಲ ಹಿಡ್ಕೊಂಡು ಪ್ಲಾಟ್‌ಫಾರ್ಮಲ್ಲೇ ಉಳಿದ್ರಿ, ಬಾಗಿಲು ಮುಚ್ಚಿಹೋಯ್ತು. ಮುಂದಿನ ಸ್ಟೇಷನ್ನಲ್ಲಿ ಇಳಿದು ಗೊಳೋ ಅಂತ ಅಳ್ತಾ ನಿಂತಿದ್ದೆ. ನೀವು ಅದರ ಹಿಂದೆಯೇ ಬಂದ ಟ್ರೈನಲ್ಲಿ ಇಳಿದ್ರಿ. "ತಪ್ಪಿಸ್ಕೊಂಡ್ರೆ ಮುಂದಿನ ಸ್ಟೇಷನ್ನಲ್ಲಿ ಇಳಿದು ನಿಂತ್ಕೋ. ಅಲ್ಲಿ ಇಲ್ಲಿ ಓಡಾಡ್ಬೇಡ. ನಾನೇ ಬರ್ತೀನಿ" ಅಂದ್ರಿ. ಆಮೇಲೆ ಎಷ್ಟು ಸಲ ತಪ್ಪಿಸ್ಕೊಂಡ್ವೋ! ಪ್ರತಿ ಸಲವೂ ಬಂದ್ರಿ. ಕೊನೇ ಸಲ ಮಾತ್ರ... ಬೆಳಗ್ಗೆ ಸೈಕಲ್ ಹತ್ತಿ ಆಫೀಸಿಗೆ ಹೋದವರು, ಅಲ್ಲೇ ಎದೆ ಹಿಡ್ಕೊಂಡು ಬಿದ್ರಿ. "ಸಂಜೆ ಬೇಗ ಬರ್ತೀನಿ" ಅಂದಿದ್ರಲ್ಲ ರೀ.

ಜಪಾನಲ್ಲಿ ಅವತ್ತು ಬೆಳಗ್ಗೆ ಬಸ್ಸು ಹತ್ತಿದಾಗಲೇ ಎಡವಟ್ಟು ಶುರು. ಬೆಟ್ಟದ ಊರಿಂದ ಸ್ಟೇಷನ್ನಿಗೆ ಹೋಗೋ ಪುಟ್ಟ ಬಸ್ಸು. ಹಿಂದಿನ ಬಾಗಿಲಲ್ಲಿ ಹತ್ತಿ ಒಂದು ಚೀಟಿ ತಗೋಬೇಕು, ದುಡ್ಡು ಇಳಿಯೋವಾಗ ಕೊಡ್ಬೇಕು. ನಾವೋ, ಮುಂದಿನ ಬಾಗಿಲಲ್ಲಿ ನುಗ್ಗಿ, ಇಲ್ಲಿನ ಅಭ್ಯಾಸದ ಮೇಲೆ ಪ್ರಯಾಣದ ಕಾರ್ಡನ್ನ ಡ್ರೈವರ್ ಮೂಗಿಗೇ ಹಿಡಿದ್ವಿ. ಆತ ತಲೆ ಬಗ್ಗಿಸಿ ಹಿಂದಕ್ಕೆ ಕೈ ತೋರಿಸ್ದ. ಗಿರೀಶನೂ ತಲೆ ಬಗ್ಗಿಸ್ದ. ಆತ ಮತ್ತೆ ಬಗ್ಗಿಸ್ದ. ಬೀಗರ ಮನೆ ಉಪಚಾರದ ಹಾಗೆ ಮುಗೀಲೇ ಇಲ್ಲ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ನೀವಿದ್ದಿದ್ರೆ ಹಿಂದಿನ ದಿನವೇ ಎಲ್ಲ ಓದಿಟ್ಕೊಂಡಿರ್ತಿದ್ರಿ ಅಂತ ಅನ್ಸಿತು, ನಗು ನಿಂತುಹೋಯ್ತು. ಅವನ ಪಕ್ಕ ಕೂತು ನಿಮ್ಮನ್ನ ನೆನೆಸ್ಕೊಂಡಿದ್ದು ತಪ್ಪಾ? ಅಥವಾ ಅವನ ಜೊತೆ ಅಷ್ಟು ನಕ್ಕಿದ್ದೇ...

ಮಧ್ಯಾಹ್ನ ಟ್ರೈನು ಒಂದು ಸಣ್ಣ ಸ್ಟೇಷನ್ನಲ್ಲಿ ನಿಂತಾಗ ಡ್ರೈವರ್ ಇಳಿದು, ಬೇರೆ ಬಣ್ಣದ ಯೂನಿಫಾರ್ಮಿನವನು ಹತ್ತಿದ. ಗಿರೀಶ ಬೆಚ್ಚಿಬಿದ್ದ. "ಏ, ಕಂಪನಿ ಬದಲಾತು! ಚೆಕ್ ಔಟ್ ಮಾಡಿ ಮತ್ತ ಚೆಕ್ ಇನ್ ಮಾಡಬೇಕು!" ನಮ್ಮ ಡಚ್ ರೈಲುಗಳ ಚಾಳಿ ಗೊತ್ತಲ್ಲ ನಿಮಗೆ, ಒಂದು ಕಂಪನಿ ಟ್ರೈನಿಂದ ಇನ್ನೊಂದಕ್ಕೆ ಹೋಗೋವಾಗ ಪ್ಲಾಟ್‌ಫಾರ್ಮಿನ ಮೆಷಿನ್ ಕಂಬಕ್ಕೆ ಕಾರ್ಡ್ ಮುಟ್ಟಿಸ್ಲೇಬೇಕು. "ಇಲ್ಲಿ ಅದೆಲ್ಲ ಬೇಡಪ್ಪ" ಅನ್ನೋಷ್ಟರಲ್ಲಿ ನನ್ನ ಕಾರ್ಡನ್ನೂ ಕಿತ್ಕೊಂಡು ಅಲ್ಲಿದ್ದ ಅಂಥದೇ ಕಂಬದ ಕಡೆ ಓಡಿದ. ಬಾಗಿಲು ಮುಚ್ಚಿತು. ಹೊರಗೆ ಅವನು, ಎರಡೂ ಕೈಯಲ್ಲಿ ಎರಡು ಕಾರ್ಡು, ಬಾಯಿ ತೆರೆದು ನಿಂತಿದ್ದ. ಇಂಟರ್ನೆಟ್ ಇದ್ದದ್ದೂ ಅವನ ಫೋನಲ್ಲೇ. ನನ್ನ ಫೋನು ಬರೀ ಗಡಿಯಾರ.

ಮುಂದಿನ ಸ್ಟೇಷನ್ನಲ್ಲಿ ಇಳಿದು ನಿಂತೆ. ಯೋಚನೆ ಮಾಡಿ ಅಲ್ಲ, ಕಾಲು ತಾನಾಗೇ ಇಳಿದು ನಿಂತ್ಕೊಂತು. ನರಪಿಳ್ಳೆ ಇಲ್ಲ, ಸುತ್ತ ಗದ್ದೆ. ಅವನಿದ್ದ ಕಡೆಯಿಂದ ಒಂದು ಟ್ರೈನ್ ಬಂತು, ಅದರಲ್ಲಿ ಅವನಿಲ್ಲ. ಬಹಳ ಹೊತ್ತಾದ್ಮೇಲೆ ಇನ್ನೊಂದು ಬಂತು. ಅದರಲ್ಲೂ ಇಲ್ಲ. ಎಂಥ ಮನುಷ್ಯ ಇವನು, ಬರಬೇಕು ಅಂತ ಗೊತ್ತಾಗಲ್ವಾ ಅಂತ ಸಿಟ್ಟು ನೆತ್ತಿಗೇರಿತು. ಆಮೇಲೆ ಹೆದರಿಕೆ. ಏನಾದ್ರೂ ಆಗಿಹೋಯ್ತಾ ಇವನಿಗೂ? ಆಮೇಲೆ ಹೊಳೀತು, ನಿಮ್ಮ ಮಾತನ್ನ ನಾನು ಅವನಿಗೆ ಯಾವತ್ತು ಹೇಳಿದೀನಿ? ನೀವು ಬಂದ ಹಾಗೆ ಬರ್ಲಿ ಅಂತ ಕಾಯ್ತಿದೀನಿ. ಹಾಗಾದ್ರೆ ಕಾಯ್ತಿರೋದು ಅವನಿಗಾ, ನಿಮಗಾ? ಎಷ್ಟು ಯೋಚಿಸಿದ್ರೂ ಬಗೆಹರೀಲಿಲ್ಲ. ಕೊನೆಗೆ ಸೇತುವೆ ಹತ್ತಿ ಇಳಿದು ಎದುರಿನ ಪ್ಲಾಟ್‌ಫಾರ್ಮಿಗೆ ಹೋದೆ. ಅವನು ಉಳಿದ ಸ್ಟೇಷನ್ನಿಗೆ ವಾಪಸ್ ಹೋಗೋ ಟ್ರೈನ್ ಹತ್ತಿದೆ. ನಿಮ್ಮ ಮಾತು ಮೀರಿದ್ದು ಅದೇ ಮೊದಲು.

ಟ್ರೈನ್ ನಿಂತಾಗ ಅವನು ಆ ಕಂಬದ ಹತ್ತಿರಾನೇ, ನನಗೆ ಬೆನ್ನು ಮಾಡಿ ನಿಂತಿದ್ದ. ಎದೆಯಿಂದ ಕಿತ್ಕೊಂಡು ಬಂತು, "ರೀ!" ಅಂತ. ಅವನು ತಿರುಗ್ಲಿಲ್ಲ. ಅವನನ್ನ ಯಾವತ್ತೂ ಹಾಗೆ ಕರೆದವಳೇ ಅಲ್ವಲ್ಲ. "ಗಿರೀಶಾ!" ಅಂದೆ. ತಿರುಗಿದ. ಮುಖ ಬೆವೆತು ಹೋಗಿತ್ತು.

"ಎಲ್ಲಿ ಹೋಗಿದ್ದಿ ನೀ? ನೀ ಬರ್ತಿ ಅಂತ ನಾ ಇಲ್ಲೇ ನಿಂತೇನಿ."

"ನೀನು ಮುಂದಿನ ಟ್ರೈನಲ್ಲಿ ಬರಬೇಕಿತ್ತು!"

"ಯಾರ್ ಹೇಳಿದ್ರು ನನಗ? ಕಳಕೊಂಡ ಜಾಗದಾಗ ನಿಂದರಬೇಕು ಅಂತ ನಮ್ಮವ್ವ ಹೇಳ್ಯಾಳ."

ಅಲ್ಲೇ ಬೆಂಚಿನ ಮೇಲೆ ಕೂತು ಎಲ್ಲ ಹೇಳ್ದೆ. ಸೊಪ್ಪಿನ ಚೀಲ, ನಿಮ್ಮ ಮಾತು, ಆ ಸಂಜೆ, ಎಲ್ಲ. ಕೇಳಿ, ನನ್ನ ಕಾರ್ಡನ್ನ ವಾಪಸ್ ಕೈಗಿಟ್ಟ. ಆಮೇಲೆ ಮೆತ್ತಗೆ, "ಛಲೋ ಮಾತದು. ಅದು ಅವರದೇ ಇರಲಿ. ನಮಗ ಬ್ಯಾರೆ ಒಂದು ಮಾಡ್ಕೊಳ್ಳೂಣು" ಅಂದ. ನಿಮ್ಮ ಮೇಲೆ ಅವನಿಗೆ ಹೊಟ್ಟೆಕಿಚ್ಚಾದ್ರೂ ಇದ್ದಿದ್ರೆ ಸಿಟ್ಟು ಮಾಡ್ಕೋಬಹುದಿತ್ತು. ಅದೂ ಇಲ್ಲ ಈ ಪುಣ್ಯಾತ್ಮನಿಗೆ! ವಾಪಸ್ ಬರೋ ಬಸ್ಸಲ್ಲಿ, ಚೀಟಿ ಸರಿಯಾಗಿ ತಗೊಂಡು ಕೂತ್ಮೇಲೆ, "ಆ ಮನೆಗೆ ಬರ್ತೀನಿ" ಅಂದೆ. ಹೇಳಿದ್ದು ಸರಿಯಾ ಅಂತ ಇವತ್ತಿಗೂ ಗೊತ್ತಿಲ್ಲ. ಖುಷಿ ಆಗುತ್ತೆ, ತಕ್ಷಣ ನಿಮ್ಮನ್ನ ಬಿಟ್ಟುಹೋಗ್ತಿದೀನಿ ಅನ್ಸಿ ಸಂಕಟ ಆಗುತ್ತೆ. ಎರಡೂ ಒಟ್ಟಿಗೇ ಇರಬಹುದಾ ರೀ?

ಶನಿವಾರ ಮನೆ ಖಾಲಿ ಮಾಡ್ತಿದೀವಿ. ನಿಮ್ಮ ಜಾಕೆಟ್ಟನ್ನ ಗಿರೀಶನೇ ಮಡಚಿ ಮೇಲಿನ ಪೆಟ್ಟಿಗೇಲಿ ಇಟ್ಟಿದಾನೆ. ಹೊಸ ಮನೆ ನೂರ್ಡ್‌ವೈಕಲ್ಲಿ, ಬಸ್ ಇಳಿದು ಸಮುದ್ರದ ಕಡೆ ನಡೆದ್ರೆ ಹಸಿರು ಬಾಗಿಲಿನದು. ನೀವು ಬರಲ್ಲ, ಗೊತ್ತು. ಆದ್ರೂ ಹೇಳ್ಬೇಕು ಅನ್ಸಿತು, ಪ್ರತಿ ಸಲ ಬರ್ತಿದ್ದವರು ನೀವು. ಹಾಗೇನಾದ್ರೂ ಹಿಂದೆ ಬರೋ ಟ್ರೈನಲ್ಲಿ ಬಂದ್ರೆ, ಬಾಡ್‌ಹೂವೆಡಾರ್ಪಿನಲ್ಲಿ ಹುಡುಕ್ಬೇಡಿ ರೀ. ನಾನು ಅಲ್ಲಿ ನಿಂತಿಲ್ಲ.