ನಾಲ್ಕನೆಯ ಗುಂಡಿ

ಭಾನುವಾರ, ಮಾರ್ಚ್ ೯

ಮೂಗಿನ ತುದಿಯಲ್ಲೇ ಸಿಟ್ಟಿರುವ ನನ್ನ ಮಗಳೇ,

ಟಿವಿ ಪಕ್ಕದ ಆ ಪೆಟ್ಟಿಗೆ ನೆನಪಿದೆಯಲ್ಲ, ಕೇಬಲ್‌ನಲ್ಲಿ ಯಾರು ಏನು ನೋಡುತ್ತಾರೆಂದು ಗುರುತಿಟ್ಟುಕೊಳ್ಳುವುದು? ನೋಡಲು ಕೂತವರು ತಮ್ಮ ತಮ್ಮ ಗುಂಡಿ ಒತ್ತಬೇಕು. ಅಪ್ಪನದು ಒಂದು, ನನ್ನದು ಎರಡು, ನಿನ್ನದು ಮೂರು. ನಿನ್ನ ಹಲ್ಲಿನ ಡಾಕ್ಟರಮ್ಮ ಬಂದ ದಿನ ಅವಳಿಗೆಂದು 'ಅತಿಥಿ' ಗುಂಡಿ ಒತ್ತಿದೆ. "ಅವಳು ಅತಿಥಿ ಅಲ್ಲಮ್ಮ, ನನ್ನವಳು" ಅಂದೆ ನೀನು. ನನಗೆ ಅರ್ಥವಾಗಿತ್ತು ಕಣೇ. ಅರ್ಥವಾಗದವಳಂತೆ ನಾನು ಎದ್ದು ಒಳಗೆ ಹೋದೆ. ಮುನಿಸಿಕೊಂಡು ಹೋದ ನೀನು ಎಂಟು ತಿಂಗಳಾದರೂ ಬರಲಿಲ್ಲ. ತಪ್ಪು ನನ್ನದೇ.

ಈಗ ಎಂಟು ಗಂಟೆಗೊಂದು ಹೊಸ ಧಾರಾವಾಹಿ ಬರುತ್ತದೆ. ಇಬ್ಬರು ಹುಡುಗಿಯರನ್ನು ಜಾಹೀರಾತಿನಲ್ಲಿ 'ಪ್ರಾಣಸ್ನೇಹಿತೆಯರು' ಎಂದು ತೋರಿಸಿ ನಮ್ಮ ಕಣ್ಣಿಗೆ ಮಣ್ಣೆರಚಿದರು. ಶುಕ್ರವಾರ ಒಬ್ಬಳಿಗೆ ಜ್ವರ. ಇನ್ನೊಬ್ಬಳು ಅವಳ ತಲೆಯ ಸಿಕ್ಕು ಬಿಡಿಸುತ್ತಾ "ನೀನೇ ನನ್ನ ಸಂಸಾರ" ಅಂದಳು. ಅಪ್ಪ ದಡಕ್ಕನೆ ಎದ್ದು ವಾಕಿಂಗ್‌ಗೆ ಹೊರಟರು. ನಾನು ಬೆಕ್ಕಸ ಬೆರಗಾಗಿ ಕೂತೆ. ಅಷ್ಟು ಜೋಪಾನವಾಗಿ ನನ್ನ ತಲೆಯನ್ನು ಯಾರೂ ಬಾಚಿಲ್ಲ. ಇಷ್ಟು ಚೆಂದದ್ದನ್ನು ನೀನು ಹೇಳಲು ಬಂದಾಗ ಕಿವಿಗೊಡಲಿಲ್ಲವಲ್ಲ ಎಂದು ಅತ್ತುಬಿಟ್ಟೆ. ಕೊನೆಗೆ ಆ ಹುಡುಗಿಯರಿಬ್ಬರೂ ಹೋಗಿ ಒಬ್ಬಳ ಅಮ್ಮನ ಮನೆಯ ಬೆಲ್ ಒತ್ತಿದರು. ಅಲ್ಲಿಗೇ ನಿಲ್ಲಿಸಿಬಿಟ್ಟರು, ಪಾಪಿಗಳು.

ನಿನ್ನೆ ಪೆಟ್ಟಿಗೆ ನೋಡಿಕೊಳ್ಳುವವರು ಬಂದಿದ್ದರು. ಇದೇನ್ರೀ ಮೋಸದ ಜಾಹೀರಾತು ಎಂದು ತರಾಟೆಗೆ ತೆಗೆದುಕೊಂಡೆ. "ವಯಸ್ಸಿನ ಹುಡುಗೀರಿಗೆ ಬೇರೆ ಜಾಹೀರಾತು ಮಾಡಿದಾರಮ್ಮ, ಅದ್ರಲ್ಲಿ ಎಲ್ಲಾ ನೇರವಾಗೇ ಇದೆ. ನಿಜ ಹೇಳಿದ್ರೆ ನಿಮ್ಮಂಥ ಅಮ್ಮಂದಿರು ಚಾನೆಲ್ ಬದಲಾಯಿಸ್ತಾರೆ ಅಂತ ಅವರಿಗೆ ಭಯ" ಅಂದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು! ಆದರೆ ನಾನೇನು ಕಡಿಮೆ? ನಿನ್ನ ಡಾಕ್ಟರಮ್ಮನ ಬಗ್ಗೆ ಪಕ್ಕದ ಮನೆಯವರು ಕೇಳಿದಾಗಲೆಲ್ಲ ನಾನೂ 'ಮಗಳ ಸ್ನೇಹಿತೆ' ಎಂದೇ ಹೇಳಿದ್ದೇನೆ.

ಮನೆಯಲ್ಲಿ ಮೂವರೇ ತಾನೇ ಎಂದು ಕೇಳಿದರು. ನಾಲ್ವರು ಅಂದೆ. ನಾಲ್ಕನೆಯವರು ನಿಮಗೆ ಏನಾಗಬೇಕು ಎಂದರು. "ನನ್ನ ಮಗಳ ಜೊತೆಗಾತಿ, ಬರ್ಕೊಳ್ಳಿ" ಅಂದೆ. ಬರೆದುಕೊಂಡರು. ನಾಲ್ಕನೆಯ ಗುಂಡಿ ಇನ್ನು ಅವಳದು.

ಇಬ್ಬರೂ ಬನ್ನಿ.

ನಿನ್ನ ದಾರಿ ಕಾಯುತ್ತಿರುವ
ಅಮ್ಮ

ಮತ್ತೊಂದು ಮಾತು: ನಿನ್ನೆ ಇದನ್ನು ಅಂಚೆಗೆ ಹಾಕಲಾಗಲಿಲ್ಲ, ಇವತ್ತು ಸೋಮವಾರ. ಅಪ್ಪನಿಗೆ ಏನೂ ಹೇಳಿಲ್ಲ, ಹೆದರಿಕೆ. ಎಂಟು ಗಂಟೆಗೆ ಹಾಲ್‌ಗೆ ಬಂದರೆ, ನನಗಿಂತ ಮೊದಲೇ ಟಿವಿ ಮುಂದೆ ಕೂತು ಶುಕ್ರವಾರದ ಕಥೆಯ ತುಣುಕು ನೋಡುತ್ತಿದ್ದಾರೆ. "ಸದ್ದು ಮಾಡ್ಬೇಡ್ವೇ, ಆ ತಾಯಿ ಬಾಗಿಲು ತೆಗೀತಾಳೋ ಇಲ್ವೋ ನೋಡೋಣ" ಅಂದರು.