ಬಾಗಿಲಲ್ಲಿ ನಿಂತು ಕೇಳಿದ ಒಪ್ಪಿಗೆ

ಆಸರೆಮನೆ, ಬಳ್ಳಾರಿ
ಕ್ರಿ.ಶ. ೨೨೧೪, ನೆರಳುತಿಂಗಳ ಎರಡನೇ ಸೋಮವಾರ

ಇಪ್ಪತ್ತೊಂದನೇ ಶತಮಾನದಲ್ಲಿ ರೋಗಿಗಳನ್ನೂ ವಯಸ್ಸಾದವರನ್ನೂ ನೋಡಿಕೊಳ್ಳುತ್ತಿರುವ ಅಕ್ಕಂದಿರಿಗೆ, ಅಣ್ಣಂದಿರಿಗೆ,

ಹೊನ್ನೂರಬೀ ಮಾಡುವ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ನೆರಳುತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ಬಳ್ಳಾರಿಯ ಬಿಸಿಲು ನಿಮಗೂ ಗೊತ್ತಿರುವುದೇ. ಅದು ಇನ್ನಷ್ಟು ಏರಿದ ಮೇಲೆ ನಮ್ಮ ಹಿರಿಯರು ಮೇ ಮುಗಿದ ಕೂಡಲೇ ಹದಿಮೂರನೆಯದೊಂದು ತಿಂಗಳು ಸೇರಿಸಿದರು. ಆಗ ಶಾಲೆ, ಕಚೇರಿ, ಅಂಗಡಿ ಎಲ್ಲಕ್ಕೂ ರಜೆ. ನಮ್ಮಂಥವರಿಗೆ ಮಾತ್ರ ಇಲ್ಲ. ನಿಮ್ಮ ಕಾಲದಿಂದ ಬದಲಾಗದೆ ಉಳಿದದ್ದು ಅದೊಂದೇ ಇರಬೇಕು. ಈ ಕಾಗದ ನಿಮಗೆ ಹೇಗೆ ತಲುಪುತ್ತದೋ ನನಗೆ ತಿಳಿಯದು, ಅಂಚೆಯವರು ತಲುಪಿಸುತ್ತೇವೆ ಎಂದಿದ್ದಾರೆ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಆಸರೆಗಾರ್ತಿ. ನಿಮ್ಮಲ್ಲಿ ನರ್ಸು, ಆಯಾ, ಹೋಮ್ ನರ್ಸು ಎಂದು ಹಂಚಿಹೋಗಿದ್ದ ಕೆಲಸಗಳನ್ನು ಒಂದೇ ಹೆಗಲಿಗೆ ಹಾಕಿ ಈ ಹೆಸರಿಟ್ಟಿದ್ದಾರೆ. ಬೆಳಕು ಹರಿಯುವ ಮುಂಚೆ ಕಿಟಕಿಗಳಿಗೆ ಒದ್ದೆ ಪರದೆ ಇಳಿಬಿಡುತ್ತೇವೆ. ಆಮೇಲೆ ಎಲ್ಲರಿಗೂ ರಾಗಿ ಅಂಬಲಿ. ಎದ್ದು ಕೂರಲಾಗದವರನ್ನು ಎತ್ತಲು ಎತ್ತುಗೈ ಇದೆ. ಗಾಲಿಗಳ ಮೇಲೆ ಉರುಳಿಕೊಂಡು ಬರುವ ಮೆತ್ತನೆಯ ಯಂತ್ರದ ತೋಳು. ಬಲು ಸಾಧು, ಆದರೆ ತಲೆ ಸ್ವಲ್ಪ ಕಡಿಮೆ. ಹೊಸ್ತಿಲು ಕಂಡರೆ ಮೊಂಡು ಎಮ್ಮೆಯ ಹಾಗೆ ನಿಂತುಬಿಡುತ್ತದೆ. ನಿಮ್ಮ ಸೊಂಟನೋವು ನಮಗಿಲ್ಲ ಎಂದು ಜಂಬದಿಂದ ಹೇಳಿಕೊಳ್ಳಬಹುದು, ಅಷ್ಟು ಸುಖವಂತೂ ಇದೆ.

ನಮ್ಮ ಕೆಲಸಕ್ಕೆ ಬೆನ್ನೆಲುಬಾಗಿರುವುದು ಬಾಗಿಲುಮಾತು. ಒಬ್ಬರ ಮೈ ಮುಟ್ಟುವ ಯಾವ ಕೆಲಸಕ್ಕೇ ಹೋಗಲಿ, ಸ್ನಾನವಿರಲಿ, ಗಾಯ ತೊಳೆಯುವುದಿರಲಿ, ಮೊದಲು ಅವರ ಬಾಗಿಲಲ್ಲಿ ನಿಲ್ಲಬೇಕು. ನಾನು ಯಾರು, ಏನು ಮಾಡಲು ಬಂದಿದ್ದೇನೆ ಎಂದು ಹೇಳಿ ಉತ್ತರಕ್ಕೆ ಕಾಯಬೇಕು. ಬೇಡ ಅಂದರೆ ಒಳಗೆ ಕಾಲಿಡುವ ಹಾಗಿಲ್ಲ. ಕೇಳದೆ ಮುಟ್ಟಬಾರದು ಎಂದು ನಿಮ್ಮ ಕಾಲದ ಯಾರೋ ಪುಣ್ಯಾತ್ಮರು ಆಡಿದ ಮಾತು ನಮ್ಮ ಕಾಲಕ್ಕೆ ಕಾಯಿದೆಯಾಗಿದೆ. ಊಟ ಕೊಡಲು ಬಾಗಿಲುಮಾತು ಬೇಕಿಲ್ಲ. ಆದರೆ ಊಟದ ಹೊತ್ತಿನಲ್ಲಿ ಸ್ನಾನದ ಸುದ್ದಿ ಎತ್ತಬಾರದು, ಅನ್ನ ತೋರಿಸಿ ಒಪ್ಪಿಸಿಕೊಂಡಂತಾಗುತ್ತದೆ ಎಂದು. ಈ ಪದ್ಧತಿ ಕಂಡರೆ ನಮಗೆ ಜೀವ. ಇದನ್ನು ಒಂದಕ್ಷರ ತಪ್ಪದೆ ಪಾಲಿಸುತ್ತೇವೆ ಎಂಬ ಹೆಮ್ಮೆಯೂ ಇದೆ, ಆ ಹೆಮ್ಮೆಯ ಕಥೆಯನ್ನೇ ಈಗ ಹೇಳಹೊರಟಿರುವುದು.

ಈ ಬೇಸಗೆಯಲ್ಲಿ ಮಾರೆಣ್ಣ ತಾತ ನಮ್ಮಲ್ಲಿಗೆ ಬಂದರು. ಊರಾಚೆಯ ಬಿಸಿಲುಗದ್ದೆಯಲ್ಲಿ, ಅಂದರೆ ಕರೆಂಟು ಬೆಳೆಯುವ ಹಲಗೆಗಳ ಬಯಲಿನಲ್ಲಿ, ದೂಳು ಒರೆಸುವವರ ಮೇಸ್ತ್ರಿಯಾಗಿದ್ದವರು. ಪಾರ್ಶ್ವವಾಯು ಬಡಿದು ಎಡಗಡೆ ಬಿದ್ದುಹೋಗಿತ್ತು. ಮಾತು ಮಾತ್ರ ಮೊದಲಿನಷ್ಟೇ ಖಾರ. ಎಡ ಹಿಮ್ಮಡಿಯಲ್ಲಿ ಒಂದು ಗಾಯವಿತ್ತು. ದಿನಾ ತೊಳೆದು ಪಟ್ಟಿ ಕಟ್ಟಿದರೆ ವಾಸಿಯಾಗುವಂಥದ್ದೇ. ಆದರೆ ಗಾಯಕ್ಕಾಗಲಿ ಸ್ನಾನಕ್ಕಾಗಲಿ ನಾವು ಬಾಗಿಲಲ್ಲಿ ನಿಂತು ಕೇಳಿದಾಗಲೆಲ್ಲ ತಾತ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ‘ಬ್ಯಾಡ’ ಅನ್ನುತ್ತಿದ್ದರು. ಯಾಕೆ ಎಂದು ಕೇಳಿದರೆ ಮುಖವನ್ನು ಬಲಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ನಾವು ತಲೆಬಾಗಿ ವಾಪಸು ಬರುತ್ತಿದ್ದೆವು.

ಗಾಯ ಕೀವುಗಟ್ಟಿತು. ಹೀಗೇ ಬಿಟ್ಟರೆ ಪಾದ ಉಳಿಯುವುದಿಲ್ಲ, ಆಮೇಲೆ ಜೀವದ ಮಾತೂ ಹೇಳಲಾಗದು ಎಂದು ಡಾಕ್ಟರು ಹೇಳಿದರು. ತಾತನಿಗೆ ಇದ್ದದ್ದು ತಂಗಿಯ ಮಗಳು ಈರಮ್ಮ ಒಬ್ಬಳೇ. ಅವಳು ನನ್ನ ಕೈ ಹಿಡಿದುಕೊಂಡು, ‘ಯವ್ವಾ, ಕೈಕಾಲು ಒತ್ತಿ ಹಿಡದಾದ್ರೂ ತೊಳೀರಿ, ನಮ್ಮ ಮಾವನ್ನ ಉಳಿಸಿಕೊಡ್ರಿ’ ಎಂದು ಅತ್ತಳು. ಒತ್ತಿ ಹಿಡಿಯಲು ಕಾಯಿದೆಯಲ್ಲಿ ದಾರಿಯಿದೆ. ಮೂವರು ಹಿರಿಯರು ಕೂತು, ಇವರ ‘ಬೇಡ’ವನ್ನು ಮೀರಬಹುದು ಎಂದು ತೀರ್ಪು ಕೊಡಬೇಕು. ತೀರ್ಪು ಸಿಕ್ಕಿತು. ಬಾಳೆಲ್ಲ ತಲೆಯೆತ್ತಿ ನಡೆದ ಮನುಷ್ಯನನ್ನು ಯಂತ್ರದಿಂದ ಅಮುಕಿ ಹಿಡಿಯುವುದೇ? ಹಿಡಿಯದೆ, ಅವರ ಕಾಲು ಕೊಳೆಯುವುದನ್ನು ಬಾಗಿಲಲ್ಲಿ ನಿಂತು ಮರ್ಯಾದೆಯಿಂದ ನೋಡುವುದೇ? ಎರಡೂ ನನ್ನಿಂದಾಗದು ಅನಿಸುತ್ತಿತ್ತು.

ಗುರುವಾರ ಬೆಳಿಗ್ಗೆ ಬಿಸಿನೀರು, ಪಟ್ಟಿ, ಎತ್ತುಗೈ ಎಲ್ಲ ತೆಗೆದುಕೊಂಡು ಹೊರಟೆವು. ಎತ್ತುಗೈ ತನ್ನ ಸ್ವಭಾವಕ್ಕೆ ತಕ್ಕಂತೆ ತಾತನ ಹೊಸ್ತಿಲಲ್ಲಿ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಒಳಗಿನಿಂದ ಎಳೆಯೋಣವೆಂದು ನಾನು ಜಗಲಿಯನ್ನು ಸುತ್ತಿಕೊಂಡು ಹಿಂದಿನ ಬಾಗಿಲಿನಿಂದ ಕೋಣೆಗೆ ಬಂದೆ. ಆ ಬಾಗಿಲು ತಾತನ ಬಲಗಡೆಗೆ. ನನ್ನನ್ನು ಕಂಡದ್ದೇ ತಾತನ ಮುಖ ಅರಳಿತು. ‘ಬಾರವ್ವ ಹೊನ್ನೂರಮ್ಮ! ಮೈ ನಾರಾಕ ಹತ್ತೈತಿ. ಸ್ನಾನ ಮಾಡ್ಸಾಕ ಮನುಷ್ಯಾರು ಯಾರೂ ಬರಲ್ಲೇನು ಈ ಮನಿಯಾಗ?’ ಅಂದರು.

ಆಗ ನನಗೆ ಹೊಳೆಯಿತು. ಪಾರ್ಶ್ವವಾಯು ಕೆಲವರ ಲೋಕದ ಎಡ ಅರ್ಧವನ್ನೇ ಅಳಿಸಿಬಿಡುತ್ತದೆ. ಆ ಕಡೆ ಏನೋ ಇದೆ ಎಂಬುದೇ ಅವರಿಗೆ ತೋಚುವುದಿಲ್ಲ. ಇದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ. ತಾತ ತಟ್ಟೆಯ ಎಡಗಡೆಯ ಅನ್ನ ಬಿಟ್ಟಾಗಲೆಲ್ಲ ತಟ್ಟೆಯನ್ನು ತಿರುಗಿಸಿ ಇಡುತ್ತಿದ್ದವರು ನಾವೇ. ಬಲಗಡೆ ಕೂತೇ ತುತ್ತು ಕೊಡುತ್ತಿದ್ದವರೂ ನಾವೇ. ಆದರೆ ಬಾಗಿಲುಮಾತು ಎಂದರೆ ಬಾಗಿಲಲ್ಲೇ ನಿಂತು ಆಡಬೇಕಲ್ಲ! ತಾತನ ಬಾಗಿಲು ಎಡಕ್ಕಿತ್ತು. ಅವರಿಗೆ ಅಲ್ಲಿ ಬಾಗಿಲೂ ಇಲ್ಲ, ನಾವೂ ಇಲ್ಲ. ಯಾರೂ ಇಲ್ಲದ ಗೋಡೆಯ ಕಡೆಯಿಂದ ದಿನಾ ಒಂದು ದನಿ, ಬಟ್ಟೆ ಬಿಚ್ಚಲೇ ಎಂದು ಕೇಳುತ್ತಿತ್ತು. ಆಮೇಲೆ ತಾತನೇ ಹೇಳಿದರು: ‘ಗ್ವಾಡಿ ಕೇಳಿದ್ರ ಯಾರು ಬಟ್ಟಿ ಬಿಚ್ತಾರ? ಗ್ವಾಡಿ ಮಾತಾಡ್ತೈತಿ ಅಂದಿದ್ರ ನೀವು ಹುಚ್ಚ ಅಂತಿದ್ರಿ. ಅದ್ಕ ಬಾಯಿ ಮುಚ್ಕಂಡಿದ್ದೆ.’

ಆ ಬೆಳಿಗ್ಗೆ ತಾತನ ಬಲಗಡೆ ಮಂಡಿಯೂರಿ, ನಾನು ಯಾರು, ಏನು ಮಾಡಲಿದ್ದೇನೆ ಎಂದು ಹೇಳಿ, ಒಪ್ಪಿಗೆ ಪಡೆದು ಗಾಯ ತೊಳೆದೆ. ಎತ್ತುಗೈ ಹೊಸ್ತಿಲಲ್ಲೇ ನಿಂತಿತ್ತು, ಪಾಪ. ಯಾರನ್ನೂ ಅಮುಕಿ ಹಿಡಿಯಲಿಲ್ಲ. ಎದೆಯ ಮೇಲಿನ ಬಂಡೆಯನ್ನು ಯಾರೋ ಎತ್ತಿಟ್ಟಂತಾಯಿತು. ನೀರಿನ ಬೋಗುಣಿಯ ಮುಂದೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತೆ. ತಾತ, ‘ಗಾಯ ನಂದೋ ನಿಂದೋ?’ ಎಂದು ಕೇಳಿ ನಗಿಸಿದರು. ನಡೆದದ್ದನ್ನು ಅವತ್ತೇ ಈರಮ್ಮನಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದೆವು. ಎಡವಟ್ಟನ್ನು ಮನೆಯವರಿಗೆ ನಾವಾಗಿಯೇ ಹೇಳಬೇಕೆಂಬುದೂ ನಮ್ಮ ವೃತ್ತಿಯ ಧರ್ಮ. ಈರಮ್ಮ ಚೆನ್ನಾಗಿ ಬೈದಳು. ಬೈಸಿಕೊಂಡೆವು. ಆಮೇಲೆ ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟಳು. ಕೀವು ನಿಂತಿದೆ, ಪಾದ ಉಳಿಯುತ್ತದೆ ಎಂದು ನಿನ್ನೆ ಡಾಕ್ಟರು ಹೇಳಿದರು.

ನಿಮ್ಮಲ್ಲಿ ಒಂದು ಕೋರಿಕೆ. ನಾವು ಪಾಲಿಸುವ ನಿಯಮಗಳನ್ನು ನೀವು ಈಗ ಒಂದೊಂದಾಗಿ ಕಟ್ಟುತ್ತಿದ್ದೀರಿ. ಕಟ್ಟಿ, ನಮಗೆ ಬೇಕು. ಕೇಳದೆ ಮುಟ್ಟುತ್ತಿದ್ದ ಕಾಲಕ್ಕೆ ನಾವು ವಾಪಸು ಹೋಗಲಾರೆವು. ಆದರೆ ಯಾರಾದರೂ ಬೇಡ ಅಂದಾಗ, ಅದಕ್ಕೆ ತಲೆಬಾಗುವ ಮುಂಚೆ, ಅದನ್ನು ಮೀರುವ ಮುಂಚೆಯೂ, ಅವರ ಮಂಚದ ಆ ಕಡೆಗೊಮ್ಮೆ ಹೋಗಿ ಕೂತು ನೋಡಿ. ಅವರು ಬೇಡ ಅನ್ನುತ್ತಿರುವುದು ನಿಮಗೇ ಹೌದೋ ಅಲ್ಲವೋ ತಿಳಿದುಕೊಳ್ಳಿ.

ಇವತ್ತು ಮಧ್ಯಾಹ್ನ ತಾತನ ಬಲಗಡೆ ಕೂತು, ತಲೆಗೆ ಎಣ್ಣೆ ಹಚ್ಚಲೇ ಎಂದು ಕೇಳಿದೆ. ನನ್ನ ಮುಖವನ್ನು ನೆಟ್ಟಗೆ ನೋಡಿ, ‘ಬ್ಯಾಡವ್ವ, ನಿದ್ದಿ ಬರಾಕ ಹತ್ತೈತಿ’ ಅಂದರು. ಅಂಥ ಚೆಂದದ ‘ಬ್ಯಾಡ’ವನ್ನು ನಾನು ಈ ಕೆಲಸದಲ್ಲಿ ಇನ್ನೊಂದು ಕೇಳಿಲ್ಲ. ಎಣ್ಣೆ ಬಟ್ಟಲು ಮುಚ್ಚಿಟ್ಟು ಹೊರಗೆ ಬಂದೆ. ತಾತ ಗೊರಕೆ ಹೊಡೆಯುತ್ತಿದ್ದಾರೆ. ಈ ಕಾಗದ ಬರೆಯಲು ನನಗೆ ಪುರುಸೊತ್ತು ಸಿಕ್ಕಿದ್ದು ಹಾಗೆ.

ನಿಮ್ಮ,
ಹೊನ್ನೂರಬೀ