ವಿಮಾನಕ್ಕೆ ಇಟ್ಟ ಹಿಂಗಾರ

ಆಕಾಶದಿಂದ ಇಳಿದು ಬಂದ, ಸದ್ಯಕ್ಕೆ ಎಡಗೈಗೆ ಪ್ಲಾಸ್ಟರ್ ಧರಿಸಿರುವ ಯಕ್ಷಿತಕ್ಕನವರ ದಿವ್ಯ ಸನ್ನಿಧಿಗೆ,

ನಿನ್ನ ತಮ್ಮನೂ, ನಿನ್ನ ವಿಮಾನ ಬಿದ್ದ ಪ್ರಕರಣಕ್ಕೆ ತನ್ನನ್ನು ತಾನೇ ನೇಮಿಸಿಕೊಂಡ ತನಿಖಾ ಆಯೋಗವೂ ಆದ ನಾನು ಕಾಂದಿವಲಿಯ ಮನೆಯಿಂದ ಬರೆಯುತ್ತಿದ್ದೇನೆ. ಭಾಂಡುಪ್‌ನಲ್ಲಿ ಶೀಲಾವತಿ ಚಿಕ್ಕಮ್ಮನ ಮನೆ ಸೇರಿಕೊಂಡು ನೀನು ಫೋನ್ ಎತ್ತುತ್ತಿಲ್ಲ. ಹಾಗಾಗಿ ಇಡ್ಲಿ ಡಬ್ಬಿಯ ಜೊತೆ ಈ ಕಾಗದ.

ಆಯೋಗದ ಮೊದಲ ಸಂಶಯ ನಿನ್ನ ಮೇಲೆಯೇ. ಒಬ್ಬಳೇ ಹಾರಿದೆ, ನೆಲ ಬಿಟ್ಟು ಸ್ವಲ್ಪ ಮೇಲೇರುವಷ್ಟರಲ್ಲಿ ಎಂಜಿನ್ ಕೆಮ್ಮಿ ನಿಂತಿತು, ಎದುರಿಗಿದ್ದ ಉಪ್ಪಿನಗದ್ದೆಯಲ್ಲಿ ಇಳಿಸಿದೆ. ಇಷ್ಟನ್ನು ನಂಬುತ್ತೇನೆ. ಆದರೆ ಪೆಟ್ರೋಲ್ ಬರುವ ನಲ್ಲಿಯನ್ನು ನೀನೇ ತಪ್ಪಾಗಿ ತಿರುಗಿಸಿದ್ದಾಗಿ ವಿಮಾನ ಹಾರಿಸಲು ಕಲಿಸುವ ನಿನ್ನ ಶಾಲೆಯವರಿಗೆ ಹೇಳಿದೆಯಂತೆ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಸ್ಟೇಷನ್‌ವರೆಗೆ ಹೋಗಿ ತಿರುಗಿ ಬರುವವಳು ನೀನು! ಆ ಒಂದು ಮಾತಿಗೆ ನಿನ್ನನ್ನು ಶಾಲೆಯಿಂದ ತೆಗೆಯುತ್ತಾರೆಂದು ನಿನಗೆ ಗೊತ್ತಿತ್ತು. ಅಪ್ಪ, "ಸಾಕು ಮಾರಾಯ್ತಿ ಈ ಹಾರಾಟ, ನಮ್ಮ ಬಾಂದ್ರಾ ಹೋಟೆಲಿನ ಗಲ್ಲಾದಲ್ಲಿ ಕೂತ್ಕೋ" ಎಂದರೆ "ಆಯ್ತಪ್ಪ" ಎಂದೆ. ಅಪ್ಪನಿಗೇ ಭಯವಾಯಿತು. "ಇವಳ ತಲೆಗೂ ಪೆಟ್ಟು ಬಿದ್ದಿದೆಯಾ ಹೇಗೆ?" ಎಂದು ನನ್ನನ್ನು ಕೇಳಿದರು.

ಆಮೇಲೆ ನಿನ್ನ ಕೆಸರು ಮೆತ್ತಿದ ಯೂನಿಫಾರ್ಮ್ ಒಗೆಯಲು ನೆನೆಹಾಕುವ ಘನಕಾರ್ಯ ಆಯೋಗದ ಪಾಲಿಗೆ ಬಂತು. ಜೇಬಿನಲ್ಲಿ ಕಪ್ಪು ಎಂಜಿನ್ ಎಣ್ಣೆ ಹತ್ತಿದ ಒಂದು ಹಿಡಿ ಹಿಂಗಾರ. ಅಡಿಕೆಯ ಹೂಗೊಂಚಲನ್ನು ಪ್ರಸಾದವೆಂದು ಜೋಪಾನ ಮಾಡುವವರು ಆ ಹಾರುವ ಶಾಲೆಯಲ್ಲಿ ಯಾರಿದ್ದಾರೆ? ಕೈ ಮುರಿದು ಕೆಸರಲ್ಲಿ ನಿಂತವಳು ಎಂಜಿನ್ನಿನಿಂದ ಇದನ್ನೇಕೆ ಕಿತ್ತು ಬಚ್ಚಿಟ್ಟಳು?

ಸಾಕ್ಷಿಯನ್ನು ಅಡುಗೆಮನೆಯಲ್ಲೇ ವಿಚಾರಿಸಿದೆ. ಆಯುಧಪೂಜೆಯ ದಿನ ನಿನ್ನ ಶಾಲೆಯ ವಿಮಾನಕ್ಕೆ ಹೂ ಮುಡಿಸಿದವರು ಯಾರು ಎಂದು ಗಂಟಲು ಸರಿಮಾಡಿಕೊಂಡು ಕೇಳಿದರೆ ಅಮ್ಮ ಹೆಮ್ಮೆಯಿಂದ ಒಪ್ಪಿಕೊಂಡಳು. "ಫೋಟೋ ತೆಗ್ದ ಮೇಲೆ ಎಲ್ಲಾ ಹೂವು ತೆಗೆಸಿದ್ರು ಮಾರಾಯ. ಊರಿಂದ ಬಂದ ಪ್ರಸಾದ ಹಾಗೆ ಕಿತ್ತು ಬಿಸಾಡ್ಲಿಕ್ಕೆ ಉಂಟಾ? ವಿಮಾನದ ಮುಂದೆ ತಿರುಗುವ ಫ್ಯಾನಿನ ಕೆಳಗೆ ಒಂದು ತೂತು ಇತ್ತು, ಯಾರಿಗೂ ಕಾಣದ ಹಾಗೆ ಒಳಗೆ ಇಟ್ಟೆ. ಅದೇ ನಮ್ಮ ಹುಡುಗಿಯ ಜೀವ ಉಳಿಸಿದ್ದು."

ನಾನು ನಗಬೇಕಿತ್ತು. ನಗು ಬರಲಿಲ್ಲ. ಅಮ್ಮ ನನ್ನ ಮುಖವನ್ನೇ ನೋಡಿದಳು. ಒಲೆ ಆರಿಸಿದಳು.

"ಆ ತೂತು ಎಂತದಕ್ಕೆ ಇರೋದು, ಸುಹಾಸ?"

ಎಂಜಿನ್ ಉಸಿರಾಡಲಿಕ್ಕೆ ಎಂದೆ. ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು, "ಅವಳಿಗೆ ಗೊತ್ತುಂಟಾ?"

ಅಕ್ಕ, ಅಮ್ಮನಿಗೆ ಗೊತ್ತಾಗಬಾರದೆಂದೇ ನೀನು ತಪ್ಪನ್ನು ನಿನ್ನ ಮೇಲೆ ಎಳೆದುಕೊಂಡೆ. ಈಗ ಗೊತ್ತಾಗಿದೆ. ಹಿಂಗಾರವೇ ಕಾರಣವೋ, ಬೇರೇನಾದರೂ ಇತ್ತೋ, ಎಂಜಿನ್ ಬಿಚ್ಚುವವರು ಹೇಳಲಿ. ಹಿಂಗಾರದ ಕಥೆಯನ್ನೂ ನಾನು ಪೂರ್ತಿ ನಂಬಿಲ್ಲ, ಯಾವುದನ್ನೂ ಸುಲಭಕ್ಕೆ ನಂಬದಿರುವುದು ಆಯೋಗದ ಧರ್ಮ. ಆದರೆ ನಲ್ಲಿಯ ಕಥೆ ಸುಳ್ಳು. ಆ ಸುಳ್ಳು ನಿಂತಿರುವವರೆಗೆ ನಿಜವಾದ ಕಾರಣವನ್ನು ಯಾರೂ ಹುಡುಕುವುದಿಲ್ಲ.

ನಾಳೆ ಬೆಳಿಗ್ಗೆ ಅಮ್ಮ ಶಾಲೆಗೆ ಹೊರಟಿದ್ದಾಳೆ. ಮದುವೆಗಳಿಗೆ ಉಡುವ ಸೀರೆಗೆ ಇಸ್ತ್ರಿಯಾಗಿದೆ. ಈಗಲೂ ಅಡುಗೆಮನೆಯಲ್ಲಿ ತನ್ನ ಹೋಟೆಲ್ ಹಿಂದಿಯಲ್ಲಿ, "ಸಾಬ್, ಫೂಲ್ ಮೈ ರಖಾ. ಮೇರಾ ಬೇಟಿ ನಹೀ ಗಿರಾಯಾ" ಎಂದು, ಹೂ ಇಟ್ಟವಳು ತಾನು, ಬೀಳಿಸಿದ್ದು ಮಗಳಲ್ಲ ಎಂಬುದನ್ನು ಬಾಯಿಪಾಠ ಮಾಡುತ್ತಿದ್ದಾಳೆ. ಪ್ರತಿ ಸಲವೂ "ಬೇಟಿ" ಎನ್ನುವಾಗ ಸ್ವರ ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ಅವಳೊಬ್ಬಳೇ ಹೇಳಿದರೆ, ಮಗಳ ಮೇಲಿನ ಪ್ರೀತಿಗೆ ಏನೋ ಹೇಳುತ್ತಾಳೆ ಎಂದು ಚಹಾ ಕುಡಿಸಿ ಕಳಿಸುತ್ತಾರೆ. ಹೂವು ಎಲ್ಲಿ ಸಿಕ್ಕಿತೆಂದು ಹೇಳಬಲ್ಲವಳು ನೀನೊಬ್ಬಳೇ.

ನಾವು ಶಾಲೆಗೆ ಹೋಗುವ ಆಟೋ ಭಾಂಡುಪ್ ದಾರಿಯಾಗಿಯೇ ಬರುತ್ತದೆ. ಕೆಳಗೆ ಬಂದು ನಿಂತಿರು. ಅಮ್ಮನ ಪಕ್ಕದ ಸೀಟು ನಿನ್ನದು, ನಾನು ಡ್ರೈವರ್ ಪಕ್ಕ ನೇತಾಡಿಕೊಂಡು ಬರುತ್ತೇನೆ.

ನಿನ್ನ ಕೈ ಬೇಗ ಕೂಡಲಿ, ಗಲ್ಲಾಕ್ಕೆ ಬೇರೆ ಯಾರಾದರೂ ಸಿಗಲಿ ಎಂದು ಹಾರೈಸುವ,
ನಿನ್ನ ಸುಹಾಸ